ಟರ್ಕಿಗೆ ಹೊರಟ ಸಸ್ಯಾಹಾರಿಗಳು ಊಟಕ್ಕೇನು ಮಾಡಬೇಕು?

ಪ್ರಶ್ನೆ: ಅಪ್ಪ, ಅಮ್ಮನನ್ನು ಕರೆದುಕೊಂಡು ಬರುವ ಏಪ್ರಿಲ್‌ನಲ್ಲಿ ಟರ್ಕಿಗೆ ಹೋಗುವ ಯೋಚನೆ ಇದೆ. ಟೂರ್ ಕಂಪನಿಯ ಜೊತೆ ಅಲ್ಲ, ನಾವು ನಾವೇ. ಎಲ್ಲರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಎನ್ನುತ್ತಾರೆ. ರೆಡಿಮೇಡ್ ಉಪ್ಪಿಟ್ಟಿನ ಪೊಟ್ಟಣ ಹೊತ್ತುಕೊಂಡೇ ಹೋಗಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪೊಟ್ಟಣದ ಮಾತು ಆಮೇಲೆ, ಮೊದಲು ವೀಸಾ. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇಲ್ಲವೇ ವಾಸದ ಪರವಾನಗಿ ಇರುವ ಭಾರತೀಯರಿಗೆ ಮಾತ್ರ ಟರ್ಕಿಯ ಇ-ವೀಸಾ ಸಿಗುತ್ತದೆ. ಉಳಿದವರು ದಾಖಲೆಗಳ ಸಮೇತ ಅರ್ಜಿ ಹಾಕಿ ಪಾಸ್‌ಪೋರ್ಟಿಗೆ ವೀಸಾ ಅಂಟಿಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಅಮೆರಿಕದ ವೀಸಾ ಇರುತ್ತದೆ, ಹೆತ್ತವರಿಗೆ ಇರುವುದಿಲ್ಲ. ನಿಮ್ಮದೂ ಹಾಗಿದ್ದರೆ ಅಪ್ಪ, ಅಮ್ಮನ ಅರ್ಜಿಯ ದಾರಿಯೇ ಬೇರೆ. ಅವರ ವೀಸಾ ಕೈಸೇರುವ ತನಕ ವಿಮಾನದ ಟಿಕೆಟ್ ಮಾಡಿಸಬೇಡಿ.

ಇನ್ನು ಊಟ. ಟರ್ಕಿ ಎಂದರೆ ಕಬಾಬ್ ಎಂದು ನಾವು ಅಂದುಕೊಂಡಿರುವುದು ಅರ್ಧ ಸತ್ಯ. ಅಲ್ಲಿ ‘ಜೈತಿನ್‌ಯಾಲಿ’ ಎಂಬ ಅಡುಗೆಯ ಒಂದು ಪಂಗಡವೇ ಇದೆ. ತರಕಾರಿಯನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿಸಿ ಬಡಿಸುತ್ತಾರೆ. ಟೊಮೆಟೊ ಹಾಕಿದ ಹುರುಳಿಕಾಯಿ, ಈರುಳ್ಳಿ ತುಂಬಿದ ಬದನೆ, ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ವಸಂತದಲ್ಲಾದರೆ ಆರ್ಟಿಚೋಕ್. ಇವನ್ನು ಹುಡುಕಿಕೊಂಡು ಪ್ರವಾಸಿಗರ ರೆಸ್ಟೋರೆಂಟಿಗೆ ಹೋಗಬೇಡಿ. ಅಂಗಡಿ ಮುಂಗಟ್ಟಿನವರು ಮಧ್ಯಾಹ್ನ ಉಣ್ಣುವ ‘ಲೊಕಾಂತಾ’ಗಳಿಗೆ ನುಗ್ಗಿ. ಅಲ್ಲಿ ಎಲ್ಲವೂ ಗಾಜಿನ ಹಿಂದೆ ಕಣ್ಣೆದುರೇ ಇರುತ್ತದೆ, ಬೆರಳು ತೋರಿಸಿದರೆ ಸಾಕು. ತಣ್ಣಗೆ ಬಡಿಸುವ ತರಕಾರಿಯಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಬಿಸಿಬಿಸಿಯಾಗಿ ಬರುವುದರಲ್ಲಿ, ಅದೇ ದ್ರಾಕ್ಷಿ ಎಲೆಯ ಸುರುಳಿಯೇ ಆದರೂ, ಕೈಮಾ ಇರಬಹುದು. ಕೇಳಿಯೇ ತಿನ್ನಿ.

ಕೇಳುವಾಗಲೂ ಹುಷಾರು. ‘ಎತ್’ ಅಂದರೆ ಮಾಂಸ. ಅದು ಬೇಡ ಎಂದಷ್ಟೇ ಹೇಳಿದರೆ ಕೋಳಿ ಬರಬಹುದು. ಹಾಗಾಗಿ ಮಾಂಸ, ಕೋಳಿ (ತಾವುಕ್), ಮೀನು (ಬಾಲಿಕ್), ಮೊಟ್ಟೆ (ಯುಮುರ್ತಾ), ಮಾಂಸದ ಸಾರು (ಎತ್ ಸುಯು) ಐದನ್ನೂ ಟರ್ಕಿಶ್‌ನಲ್ಲಿ ಬರೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಬಾಯಲ್ಲಿ ಹೇಳುವ ಬದಲು ತೋರಿಸಿ. ಕೊನೆಯದನ್ನು ಮರೆಯಲೇಬೇಡಿ. ಮಸೂರ್ ಬೇಳೆಯ ‘ಮೆರ್ಜಿಮೆಕ್’ ಸೂಪ್ ನೋಡಲು ನಮ್ಮ ತೊವ್ವೆಯ ಹಾಗೇ ಇರುತ್ತದೆ, ಆದರೆ ಕೆಲವು ಕಡೆ ಅದನ್ನು ಬೇಯಿಸುವುದು ಮಾಂಸ ಬೇಯಿಸಿದ ನೀರಿನಲ್ಲಿ. ಪಿಲಾವ್ ಅನ್ನದ ಕಥೆಯೂ ಅದೇ.

ಬೆಳಗಿನ ತಿಂಡಿಗೆ ಚಿಂತೆ ಬೇಡ. ಬ್ರೆಡ್, ಚೀಸ್, ಆಲಿವ್, ಸೌತೆಕಾಯಿ, ಟೊಮೆಟೊ, ಜೇನುತುಪ್ಪದ ಜೊತೆ ಕೆನೆ ಇಷ್ಟೂ ಮೇಜು ತುಂಬ ಬರುತ್ತದೆ. ಬೇಕರಿ ತಿನಿಸುಗಳಿಗೆ ಮೇಲೆ ಮೊಟ್ಟೆ ಸವರುವುದು ರೂಢಿ, ಅಮ್ಮನಿಗೆ ಎಳ್ಳು ಮೆತ್ತಿದ ಬಳೆಯಾಕಾರದ ‘ಸಿಮಿತ್’ ವಾಸಿ. ‘ಚೀ ಕೊಫ್ತೆ’ ಎಂಬ ಬೋರ್ಡು ಕಂಡು ಓಡಬೇಡಿ. ಹಿಂದೆ ಅದನ್ನು ಹಸಿ ಮಾಂಸದಿಂದ ಮಾಡುತ್ತಿದ್ದರು, ಈಗ ಅಂಗಡಿಗಳಲ್ಲಿ ಮಾರುವುದು ಗೋಧಿ ನುಚ್ಚು, ಖಾರ ಸೇರಿಸಿ ನಾದಿದ್ದು. ಜೊತೆಗೆ ‘ಐರಾನ್’ ತೆಗೆದುಕೊಳ್ಳಿ, ಅದು ಉಪ್ಪು ಹಾಕಿದ ಮಜ್ಜಿಗೆ. ಉಪ್ಪಿಟ್ಟಿನ ಪೊಟ್ಟಣ ರಾತ್ರಿ ತಡವಾಗಿ ಊರು ಮುಟ್ಟುವ ದಿನಕ್ಕೆಂದು ಎರಡು ಇರಲಿ. ಚಟ್ನಿಪುಡಿ ಮಾತ್ರ ಧಾರಾಳವಾಗಿ ಒಯ್ಯಿರಿ.

ಭಾಷೆ ನೀವು ಹೆದರಿದಷ್ಟು ಕಷ್ಟವಿಲ್ಲ. 1928ರಲ್ಲಿ ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ ಅರಬ್ಬಿ ಲಿಪಿ ಬಿಡಿಸಿ ರೋಮನ್ ಲಿಪಿ ತಂದ ಕಾರಣ ಬೋರ್ಡುಗಳನ್ನು ಓದಬಹುದು. ‘ಸಿ’ ಅಕ್ಷರವನ್ನು ‘ಜ’ ಎಂದು ಓದಿ. ಅದಕ್ಕೆ ಬಾಲವಿದ್ದರೆ ‘ಚ’, ‘ಎಸ್’ಗೆ ಬಾಲವಿದ್ದರೆ ‘ಶ’. ಟ್ರಾಮ್ ನಿಲ್ದಾಣದ ಹೆಸರು ಕಿವಿಗೆ ಬಿದ್ದಾಗ ಗುರುತು ಹಿಡಿಯಲು ಇಷ್ಟು ಸಾಕು. ಗದ್ದ ಮೇಲೆತ್ತಿ ‘ಚ್’ ಎಂದರೆ ಇಲ್ಲ ಎಂದರ್ಥ, ಬೇಸರ ಮಾಡಿಕೊಳ್ಳಬೇಡಿ. ನಾವು ಹೂಂ ಎನ್ನಲು ತಲೆ ಅತ್ತಿತ್ತ ಆಡಿಸುವುದು ಮಾತ್ರ ಅವರಿಗೆ ಅರ್ಥವಾಗುವುದಿಲ್ಲ.

ಇಸ್ತಾಂಬುಲ್ ಏರಿಳಿತದ ಊರು. ಹಿರಿಯರ ಮಂಡಿ ನೆನಪಿಟ್ಟುಕೊಂಡು ಸುಲ್ತಾನ್‌ಅಹ್ಮೆತ್ ಅಥವಾ ಸಿರ್ಕೆಜಿಯಲ್ಲಿ, ಟ್ರಾಮ್ ಹಳಿಯ ಹತ್ತಿರವೇ ರೂಮ್ ಮಾಡಿ. ರೂಮನ್ನು ಹೊರಡುವ ಮುಂಚೆಯೇ ಕಾಯ್ದಿರಿಸಿ. 2017ರಲ್ಲಿ ಅಲ್ಲಿನ ಕೋರ್ಟ್ ಕೊಟ್ಟ ತಡೆ ಆದೇಶದ ನಂತರ ಬುಕಿಂಗ್ ಡಾಟ್ ಕಾಮ್‌ನಲ್ಲಿ ಟರ್ಕಿಯೊಳಗಿಂದ ಅಲ್ಲಿನ ಹೋಟೆಲುಗಳನ್ನು ಬುಕ್ ಮಾಡಲಾಗದೆ ಪೇಚಾಡಿದವರು ಬಹಳ. ‘ಇಸ್ತಾಂಬುಲ್‌ಕಾರ್ತ್’ ಎಂಬ ಕಾರ್ಡ್ ಕೊಂಡರೆ ಟ್ರಾಮ್, ಮೆಟ್ರೊ, ದೋಣಿ ಎಲ್ಲಕ್ಕೂ ನಡೆಯುತ್ತದೆ. ದೊಡ್ಡ ಬಜಾರಿಗೆ ಭಾನುವಾರ ರಜೆ, ತೋಪ್‌ಕಾಪಿ ಅರಮನೆಗೆ ಮಂಗಳವಾರ. ಮಸೀದಿಗಳಿಗೆ ಅಮ್ಮನ ಬಳಿ ತಲೆಗೊಂದು ಶಾಲು, ಎಲ್ಲರಿಗೂ ಕಾಲುಚೀಲ ಬೇಕು. ಹಾಗಿಯಾ ಸೋಫಿಯಾದ ಮೇಲಿನ ಮೊಗಸಾಲೆ ನೋಡಲು ವಿದೇಶಿಯರಿಗೆ 2024ರ ಜನವರಿಯಲ್ಲಿ ತಲೆಗೆ 25 ಯುರೋ ಟಿಕೆಟ್ ಇಟ್ಟರು. ಎದುರಿನ ನೀಲಿ ಮಸೀದಿಗೆ ಟಿಕೆಟ್ ಇಲ್ಲ, ನಮಾಜಿನ ಹೊತ್ತು ತಪ್ಪಿಸಿ ಹೋಗಿ.

ಬೀದಿಯಲ್ಲಿ ಬೂಟ್‌ಪಾಲಿಶ್‌ನವನ ಬ್ರಷ್ಷು ನಿಮ್ಮೆದುರು ಬಿದ್ದರೆ ಎತ್ತಿಕೊಡಲು ಹೋಗಬೇಡಿ. ಅದು ಬೀಳುವುದಲ್ಲ, ಬೀಳಿಸುವುದು. ಕೃತಜ್ಞತೆಯಿಂದ ಪಾಲಿಶ್ ಮಾಡಿ ಆಮೇಲೆ ಬಿಲ್ ಹೇಳುತ್ತಾನೆ. ಎಟಿಎಂ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದರೆ ಬೇಡ ಎನ್ನಿ, ಲಿರಾದಲ್ಲೇ ಇರಲಿ.

ಇಸ್ತಾಂಬುಲ್ ಬಿಟ್ಟು ಕಪ್ಪದೋಕಿಯಾಕ್ಕೂ ಹೋಗುವುದಾದರೆ, ಅಲ್ಲಿ ಪ್ರವಾಸಿಗರನ್ನು ಹೊತ್ತ ಬಲೂನು ಹಾರುವುದು ಗಾಳಿ ಒಪ್ಪಿದರೆ ಮಾತ್ರ. ಬೆಳಗಿನ ಜಾವ ಅಧಿಕಾರಿಗಳು ಬೇಡ ಎಂದರೆ ಆ ದಿನ ಹಾರಾಟ ಇಲ್ಲ. ಅದಕ್ಕೇ ಅಲ್ಲಿನ ಗೋರೆಮೆ ಊರಿನಲ್ಲಿ ಮೂರು ರಾತ್ರಿ ಉಳಿಯಿರಿ, ಮೊದಲ ಬೆಳಗ್ಗೆಗೇ ಬುಕ್ ಮಾಡಿ, ರದ್ದಾದರೆ ದುಡ್ಡು ವಾಪಸೋ ಮರುದಿನಕ್ಕೋ ಎಂದು ಮೊದಲೇ ಕೇಳಿಕೊಳ್ಳಿ. ಬುಟ್ಟಿಯ ಗೋಡೆ ಹತ್ತಿ ಇಳಿಯುವುದು ಅಪ್ಪ, ಅಮ್ಮನಿಗೆ ಆಗದು ಅನ್ನಿಸಿದರೆ ಅವರಿಗೆ ತಾರಸಿ ಇರುವ ಹೋಟೆಲ್ ಹಿಡಿಯಿರಿ. ಬಲೂನುಗಳು ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ.