ಕೇಳುವುದನ್ನೂ ಕಲಿಯಿರಿ

ತಮ್ಮಂದಿರೇ, ತಂಗಿಯರೇ, ಕೊಡುವುದರ ಬಗ್ಗೆ ನಾನು ನಿಮಗೆ ಪಾಠ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿ ಯಡೂರು, ಮಾಂಜರಿ, ಇಂಗಳಿಯ ಮನೆಗಳಿಗೆ ನೀರು ಹೊಕ್ಕಾಗ ಹಾಸಿಗೆ, ಹಿಟ್ಟು, ದನದ ಮೇವು ಹೊತ್ತು ಓಡಾಡಿದವರು ಈ ಭಾಗದ ಹುಡುಗರೇ. ಯಾರು ಯಾವ ಗುಡಿಯವರು, ಯಾವ ಚರ್ಚಿನವರು ಎಂದು ಕೇಳುತ್ತ ಕೂರುವ ಹೊತ್ತು ಅದಾಗಿರಲಿಲ್ಲ. ನನ್ನ ಚಿಂತೆ ಬೇರೆ. ಊರಿನ ಕಷ್ಟಕ್ಕೆ ಓಡುವ ಹುಡುಗನಿಗೆ ತನ್ನ ಕಷ್ಟವನ್ನು ಸಭೆಯ ಮುಂದೆ ಹೇಳಲು ಬಾಯಿ ಬರುವುದಿಲ್ಲ.

ಕಬ್ಬು ಕಾರ್ಖಾನೆಗೆ ಹೋಗಿ ಹದಿನಾಲ್ಕು ದಿನದೊಳಗೆ ಬಿಲ್ಲು ಆಗಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲಿನ ದಾರಿ ಕಾಯುವುದು ಎಂದರೆ ಏನೆಂದು ರಾಯಬಾಗ, ಅಥಣಿಯ ರೈತರಿಗೆ ನಾನು ಹೇಳಿಕೊಡಬೇಕೆ? ಆ ನಡುವೆ ಮಗಳ ಫೀ ಬರುತ್ತದೆ, ತಾಯಿಯ ದವಾಖಾನೆ ಬರುತ್ತದೆ. ನಮ್ಮ ಹುಡುಗ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ದೇವರ ದಯೆಯಿಂದ ಎಲ್ಲಾ ಆರಾಮ ಅನ್ನುತ್ತಾನೆ. ಸೋಮವಾರ ಫೈನಾನ್ಸಿನವರ ಕಾಗದಕ್ಕೆ ಸಹಿ ಹಾಕುತ್ತಾನೆ. ಆಮೇಲೆ ವಾರದ ಕಂತಿನವರು ಬಾಗಿಲಿಗೆ ಬರುತ್ತಾರೆ. ಈ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗುರುತಿಲ್ಲದವರ ಮುಂದೆ ಕೈಯೊಡ್ಡಲು ಬಾರದ ನಾಚಿಕೆ, ಒಂದೇ ರೊಟ್ಟಿ ಮುರಿದು ತಿನ್ನುವವರ ಮುಂದೆ ಯಾಕೆ ಬರುತ್ತದೆ?

ವಾರದ ಕಂತು ನಮ್ಮ ಸಭೆಗಳಿಗೂ ಹೊಸದೇನಲ್ಲ. ಬೆಳಗಾವಿಯಲ್ಲಿ ಲಂಡನ್ ಮಿಶನ್ 1820ರಲ್ಲಿ ಶುರುಮಾಡಿದ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂತು. ಆ ಮೆಥೋಡಿಸ್ಟರ ಮೂಲಕ್ಕೆ ಹೋದರೆ 1742ರ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಒಂದು ಸಾಲದ ಕಥೆ ಸಿಗುತ್ತದೆ. ಪ್ರಾರ್ಥನಾಮಂದಿರ ಕಟ್ಟಿಸಿದ ಸಾಲ ತೀರಿರಲಿಲ್ಲ. ತಲೆಗೆ ವಾರಕ್ಕೊಂದು ಪೆನ್ನಿ ಹಾಕೋಣ ಎಂದು ಒಬ್ಬ ಸೂಚಿಸಿದ. ಬಡವರಿಗೆ ಅದೂ ಆಗದು ಎಂಬ ಮಾತು ಬಂತು. ಹಾಗಾದರೆ ಹನ್ನೊಂದು ಮಂದಿ ಕಡುಬಡವರನ್ನು ನನ್ನ ಪಾಲಿಗೆ ಬರೆಯಿರಿ, ಅವರಿಂದ ಆಗದಿದ್ದರೆ ಅವರದ್ದನ್ನೂ ನಾನೇ ಹಾಕುತ್ತೇನೆ ಎಂದು ಸೂಚಿಸಿದಾತನೇ ಒಪ್ಪಿಕೊಂಡ. ಹೀಗೆ ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾದವು. ಪೆನ್ನಿ ವಸೂಲಿಗೆ ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಕುಡಿಯುತ್ತಾರೆ ಎಲ್ಲವೂ ಕಾಣತೊಡಗಿತು. ಮೆಥೋಡಿಸ್ಟರ ಮುಂದಾಳು ಜಾನ್ ವೆಸ್ಲಿಯವರು ಅದನ್ನೇ ಹಿಡಿದು ಸಭೆಯ ಆರೈಕೆಯ ಪದ್ಧತಿ ಮಾಡಿದರು. ಅಂದರೆ ಅಲ್ಲಿಯೂ ವಾರವಾರ ಬಾಗಿಲು ತಟ್ಟುವವನೊಬ್ಬನಿದ್ದ. ಆದರೆ ಕಂತು ಕಟ್ಟಲಾಗದ ಮನೆಯ ಕಂತನ್ನು ಅವನೇ ಕಟ್ಟುತ್ತಿದ್ದ.

ನಿಮ್ಮ ಅಜ್ಜಂದಿರಿಗೆ ಇದು ಬೇರೆ ಹೆಸರಿನಲ್ಲಿ ಗೊತ್ತಿತ್ತು. ಬಿತ್ತನೆಗೆ, ರಾಶಿಗೆ ಮುಯ್ಯಾಳು ಹೋಗುತ್ತಿದ್ದರಲ್ಲ, ಇಂದು ನಿನ್ನ ಹೊಲ, ನಾಳೆ ನನ್ನದು. ಅದರಲ್ಲಿ ಕರೆಯುವವನಿಗೆ ಅವಮಾನವಿರಲಿಲ್ಲ. ಕರೆಯದೆ ಬಿಟ್ಟರೇ ಸಿಟ್ಟು. ಸಭೆಯ ಲೆಕ್ಕ ಮಾತ್ರ ಇದಕ್ಕಿಂತ ಸಡಿಲ. ಪಡೆದವನೇ ತಿರುಗಿಸಬೇಕೆಂದಿಲ್ಲ, ಕೊಟ್ಟವನಿಗೇ ಸಿಗಬೇಕೆಂದೂ ಇಲ್ಲ.

ಇನ್ನೊಂದು ಮಾತು, ನಿಪ್ಪಾಣಿಯವರು ಕಿವಿಗೊಟ್ಟು ಕೇಳಿ. ಆದಿಸಭೆಯಲ್ಲಿ ಹಂಚಿಕೆಯ ಬಗ್ಗೆ ಎದ್ದ ಮೊದಲ ತಕರಾರು ಭಾಷೆಯದ್ದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ತೆಗೆದು ನೋಡಿ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟದ ಪಾಲು ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಸಭೆಯಿಂದಲೇ ಏಳು ಜನರನ್ನು ಆರಿಸಿ ಹಂಚುವ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಬಿಟ್ಟುಹೋದವರ ಕಡೆಯವರ ಕೈಗೇ ಉಗ್ರಾಣ ಬಂತು ಎಂದು ನಾನು ಓದಿಕೊಳ್ಳುತ್ತೇನೆ. ನಮ್ಮ ಗಡಿಯ ಸಭೆಗಳಲ್ಲಿ ಮರಾಠಿಯಲ್ಲಿ ಪ್ರಾರ್ಥಿಸುವ ಅಜ್ಜಿಯೂ ಇದ್ದಾಳೆ, ಕನ್ನಡದಲ್ಲಿ ಪ್ರಾರ್ಥಿಸುವ ಅಜ್ಜನೂ ಇದ್ದಾನೆ. ಪಟ್ಟಿ ಬರೆಯುವ ಪೆನ್ನು ಒಂದೇ ಮನೆಯವರ, ಒಂದೇ ಭಾಷೆಯವರ, ಹಳೆಯ ಒಂದೇ ಓಣಿಯವರ ಜೇಬಿನಲ್ಲಿ ಉಳಿದರೆ ಯಾರೋ ಒಬ್ಬರು ಬಿಟ್ಟುಹೋಗಿಯೇ ಹೋಗುತ್ತಾರೆ.

ಬಲವಂತದ ಕಾಣಿಕೆ ಬೇಡ. ಅದೇ ಆದಿಸಭೆಯ ಅನನೀಯನಿಗೆ ಹೊಲ ಮಾರಲೇಬೇಕು ಎಂದು ಯಾರೂ ಹೇಳಿರಲಿಲ್ಲ, ಅವನು ಕೆಟ್ಟದ್ದು ಸುಳ್ಳಿನಿಂದ. ದುಡಿಯುವ ಮೈಯಿದ್ದೂ ಕುಳಿತು ಉಣ್ಣುವವನಿಗೆ ಅಪೊಸ್ತಲ ಪೌಲನ ಉತ್ತರ ನಿಮಗೆ ಗೊತ್ತೇ ಇದೆ, ಕೆಲಸ ಮಾಡಲೊಲ್ಲದವನು ಉಣ್ಣಲೂ ಬಾರದು. ಲೆಕ್ಕದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಇಡಬೇಡಿ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ನೇಮಿಸಿದವರನ್ನು ಜೊತೆಗೆ ಕರೆದುಕೊಂಡ. ಅವನಿಗೇ ಬೇಕಾದ ಸಾಕ್ಷಿ ನಮ್ಮ ಖಜಾಂಚಿಗೆ ಬೇಡವೇ?

ಹಣವಿಲ್ಲದಿದ್ದರೂ ಹಂಚಲು ಬೇಕಾದಷ್ಟಿದೆ. ಕಾಗವಾಡ, ಅಥಣಿಯ ರೋಗಿಗಳು ಮಿರಜಿಗೆ ಹೋಗುವುದು ಹಳೆಯ ರೂಢಿ. ಡಾಕ್ಟರ್ ವಾನ್ಲೆಸ್ ಅಲ್ಲಿ ಮಿಶನ್ ದವಾಖಾನೆ ತೆರೆದದ್ದು 1894ರಲ್ಲಿ. ದವಾಖಾನೆಯಲ್ಲಿ ರೋಗಿಯ ಕಡೆಯವರಿಗೆ ಬೇಕಾಗುವುದು ಊಟದ ಡಬ್ಬಿ, ರಾತ್ರಿ ಕೂರಲು ಇನ್ನೊಬ್ಬರು, ರಕ್ತ ಕೊಡಲು ಒಂದು ಕೈ. ಮೋಟರ್‌ಸೈಕಲ್ ಇರುವ ನಿಮ್ಮಿಂದ ಇದು ಆಗುತ್ತದೆ, ನನ್ನಂಥ ಮುದುಕನಿಂದ ಆಗದು.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮ ಯುವಜನರ ಸಂಘದವರು ಅರ್ಧ ತಾಸು ಕೂತುಕೊಳ್ಳಿ. ಒಂದು ವಹಿ ತೆರೆಯಿರಿ, ಇಬ್ಬರು ಬರೆಯಲಿ, ಒಬ್ಬರು ಕನ್ನಡದವರು, ಒಬ್ಬರು ಮರಾಠಿಯವರು. ಯಾರು ಏನು ಕೊಡುತ್ತಾರೆ ಎಂದು ಆಮೇಲೆ ಬರೆಯಿರಿ. ಯಾರಿಗೆ ಏನು ಬೇಕು ಎಂಬುದನ್ನು ಮೊದಲು ಬರೆಯಿರಿ, ಆ ಪುಟದ ಮೊದಲ ಹೆಸರು ಸಂಘದ ಮುಖಂಡನದ್ದೇ ಇರಲಿ.