ರೂಟಿಂಗ್ ಲೂಪ್: ಪ್ಯಾಕೆಟ್‌ಗಳ ವ್ಯರ್ಥ ಸುತ್ತಾಟವನ್ನು ತಡೆಯುವ ಕ್ರಮ

ಗುರಿಯತ್ತ ಸಾಗಬೇಕಾದ ಡೇಟಾ ಪ್ಯಾಕೆಟ್, ಎರಡು ಅಥವಾ ಹೆಚ್ಚು ರೂಟರ್‌ಗಳ ನಡುವೆಯೇ ಸುತ್ತುತ್ತ ಉಳಿಯುವ ಸ್ಥಿತಿಯನ್ನು ರೂಟಿಂಗ್ ಲೂಪ್ ಎನ್ನುತ್ತಾರೆ. ಯಾವ ವಿಳಾಸಕ್ಕೆ ಯಾವ ದಾರಿ ಎಂಬುದನ್ನು ಬರೆದಿಟ್ಟ ರೂಟಿಂಗ್ ಟೇಬಲ್ ಹೇಳಿದಂತೆಯೇ ಪ್ರತಿ ರೂಟರ್ ನಡೆಯುವುದರಿಂದ, ಇಬ್ಬದಿಯ ಟೇಬಲ್‌ಗಳೂ ಒಂದನ್ನೊಂದು ತೋರಿಸಿದರೆ ಲೂಪ್ ಹುಟ್ಟುತ್ತದೆ. ಪ್ಯಾಕೆಟ್‌ನ ಹೆಡರಿನಲ್ಲಿರುವ ಟಿಟಿಎಲ್ ಎಂಬ ಸಂಖ್ಯೆ ಪ್ರತಿ ರೂಟರಿನಲ್ಲೂ ಒಂದೊಂದು ಇಳಿಯುತ್ತ ಬಂದು, ಸೊನ್ನೆ ಮುಟ್ಟಿದಾಗ ಪ್ಯಾಕೆಟ್ ತ್ಯಾಜ್ಯವಾಗುತ್ತದೆ ನಿಜ. ಆದರೆ ಅದು ಲೂಪನ್ನು ತಡೆಯುವುದಿಲ್ಲ, ಸುತ್ತುವ ಪ್ಯಾಕೆಟ್ಟಿನ ಆಯುಸ್ಸನ್ನಷ್ಟೇ ಮಿತಗೊಳಿಸುತ್ತದೆ. ಈ ಸಂಖ್ಯೆ 255ರವರೆಗೂ ಇರಬಹುದಾದ್ದರಿಂದ ಒಂದೇ ಪ್ಯಾಕೆಟ್ ಅದೇ ಲಿಂಕನ್ನು ಇನ್ನೂರಕ್ಕೂ ಹೆಚ್ಚು ಬಾರಿ ದಾಟಿ, ಉಪಯುಕ್ತ ಸಂಚಾರಕ್ಕೆ ಸಲ್ಲಬೇಕಾದ ಬ್ಯಾಂಡ್‌ವಿಡ್ತನ್ನು ನುಂಗಬಲ್ಲದು.

ಮೊದಲ ಹಂತ ಪತ್ತೆ. ತಲುಪಲಾಗದ ವಿಳಾಸದತ್ತ ಟ್ರೇಸ್‌ರೂಟ್ ಆದೇಶ ನೀಡಿದಾಗ ಅದೇ ಎರಡು ರೂಟರ್‌ಗಳ ವಿಳಾಸಗಳು ಸರದಿಯಂತೆ ಮತ್ತೆ ಮತ್ತೆ ಕಾಣಿಸಿಕೊಂಡರೆ ಲೂಪ್ ಇರುವ ಸ್ಥಳ ಆ ಎರಡರ ನಡುವೆಯೇ ಎಂದು ತಿಳಿಯಬೇಕು.

ಎರಡನೆಯ ಹಂತದಲ್ಲಿ ಕೈಯಿಂದ ಬರೆದ ದಾರಿಗಳನ್ನು, ಅಂದರೆ ಸ್ಟ್ಯಾಟಿಕ್ ರೂಟ್‌ಗಳನ್ನು ಪರಿಶೀಲಿಸಬೇಕು. ಹೆಚ್ಚಿನ ಗಮನ ಸಲ್ಲಬೇಕಾದದ್ದು ಇಲ್ಲಿಯೇ. ಶಾಖಾ ಕಚೇರಿಯೊಂದಕ್ಕೆ 10.20.0.0/16 ಎಂಬ ವಿಳಾಸ ಸಮೂಹವನ್ನು ಕೊಟ್ಟು, ಕೇಂದ್ರ ಕಚೇರಿಯ ರೂಟರಿನಲ್ಲಿ ಆ ಸಮೂಹವೆಲ್ಲ ಶಾಖೆಯ ಕಡೆಗೆ ಎಂದು ಬರೆದಿದ್ದಾರೆ ಎಂದುಕೊಳ್ಳೋಣ. ಶಾಖೆಯಲ್ಲಿ ಬಳಕೆಯಲ್ಲಿರುವುದು 10.20.1.0/24 ಮಾತ್ರ, ಉಳಿದದ್ದಕ್ಕೆಲ್ಲ ಕೇಂದ್ರವನ್ನೇ ತೋರಿಸುವ ಡೀಫಾಲ್ಟ್ ರೂಟ್ ಅಲ್ಲಿದೆ. ಹೀಗಿರುವಾಗ 10.20.50.5ಕ್ಕೆ ಬಂದ ಪ್ಯಾಕೆಟನ್ನು ಕೇಂದ್ರವು ಶಾಖೆಗೂ, ಶಾಖೆಯು ಕೇಂದ್ರಕ್ಕೂ ದಾಟಿಸುತ್ತಲೇ ಇರುತ್ತವೆ. ಬಳಕೆಯಲ್ಲಿರುವ ಜಾಲದ ಇಂಟರ್‌ಫೇಸ್ ಕೆಟ್ಟು ನಿಂತಾಗಲೂ, ಅದರ ದಾರಿ ಟೇಬಲಿನಿಂದ ಅಳಿಸಿಹೋಗುವುದರಿಂದ, ಇದೇ ಪಾಡು. ಶಾಖೆಯ ರೂಟರಿನಲ್ಲಿ 10.20.0.0/16ಕ್ಕೆ ನಲ್ ರೂಟ್, ಎಂದರೆ ಬಂದ ಪ್ಯಾಕೆಟನ್ನು ಅಲ್ಲಿಯೇ ತ್ಯಜಿಸುವ ದಾರಿ, ಬರೆಯುವುದೇ ಇದಕ್ಕೆ ಪರಿಹಾರ. ಹೆಚ್ಚು ನಿರ್ದಿಷ್ಟವಾದ ದಾರಿಗೇ ರೂಟರ್ ಮನ್ನಣೆ ಕೊಡುವುದರಿಂದ ಬಳಕೆಯಲ್ಲಿರುವ ಜಾಲಕ್ಕೆ ಯಾವ ಬಾಧೆಯೂ ಇಲ್ಲ. ವಿಳಾಸ ಸಮೂಹ ಕೈಸೇರಿದ ದಿನವೇ ಬರೆಯಬೇಕಾದ ಈ ಒಂದು ಸಾಲನ್ನು ಮುಂದಕ್ಕೆ ಹಾಕುವುದು ಸಲ್ಲದು.

ಮೂರನೆಯ ಹಂತ, ನೆರೆಯ ರೂಟರ್‌ಗಳು ಹೇಳಿದ್ದನ್ನೇ ನಂಬಿ ನಡೆಯುವ ರಿಪ್‌ನಂಥ ಹಳೆಯ ಪ್ರೋಟೋಕಾಲ್ ಇದ್ದಲ್ಲಿ ಮಾತ್ರ ಅಗತ್ಯ. ಕಲಿತ ದಾರಿಯನ್ನು ಅದು ಬಂದ ಇಂಟರ್‌ಫೇಸಿನ ಕಡೆಗೇ ಮರಳಿ ಸಾರಬಾರದೆಂಬ ಸ್ಪ್ಲಿಟ್ ಹೊರೈಜನ್ ನಿಯಮ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಮೂರು ರೂಟರ್‌ಗಳು ವರ್ತುಲವಾಗಿ ಜೋಡಿಸಿಕೊಂಡಿದ್ದರೆ ಈ ನಿಯಮವೊಂದೇ ಸಾಲದು. ಕಡಿದುಹೋದ ಜಾಲದ ದೂರವನ್ನು ಒಂದಕ್ಕೊಂದು ಏರಿಸುತ್ತ ಹೋಗುವ ಅವು, ರಿಪ್‌ನಲ್ಲಿ ತಲುಪಲಾಗದು ಎಂಬರ್ಥದ 16ನ್ನು ಮುಟ್ಟಿದ ಮೇಲೆಯೇ ನಿಲ್ಲುತ್ತವೆ. ಅಂಥಲ್ಲಿ, ಇಡೀ ಜಾಲದ ನಕ್ಷೆಯನ್ನು ಪ್ರತಿ ರೂಟರಿಗೂ ಒದಗಿಸುವ ಓಎಸ್‌ಪಿಎಫ್‌ಗೆ ಬದಲಾಗುವುದು ಮೇಲು.

ನಾಲ್ಕನೆಯದು ತೀರ ಸೂಕ್ಷ್ಮವಾದ ಹಂತ. ರಿಪ್ ಮತ್ತು ಓಎಸ್‌ಪಿಎಫ್ ಎರಡೂ ಇರುವ ಜಾಲದಲ್ಲಿ ಒಂದರ ದಾರಿಗಳನ್ನು ಇನ್ನೊಂದಕ್ಕೆ ಸೇರಿಸುವ ರೂಟರ್‌ಗಳು ಎರಡಿದ್ದರೆ, ಮೊದಲನೆಯದು ರಿಪ್‌ನಿಂದ ಓಎಸ್‌ಪಿಎಫ್‌ಗೆ ದಾಟಿಸಿದ ದಾರಿಯನ್ನು ಎರಡನೆಯದು ಮರಳಿ ರಿಪ್‌ಗೆ ಸೇರಿಸಬಹುದು. ಸಿಸ್ಕೊ ರೂಟರ್‌ಗಳಲ್ಲಿ ದಾರಿಯ ವಿಶ್ವಾಸಾರ್ಹತೆಯನ್ನು ಅಳೆಯುವ ಸಂಖ್ಯೆ ಓಎಸ್‌ಪಿಎಫ್‌ಗೆ 110, ರಿಪ್‌ಗೆ 120. ಕಡಿಮೆ ಸಂಖ್ಯೆಗೇ ಆದ್ಯತೆಯಾದ್ದರಿಂದ ಎರಡನೆಯ ರೂಟರ್ ಮೂಲ ದಾರಿಯನ್ನು ಬಿಟ್ಟು ಸುತ್ತಿ ಬಂದದ್ದನ್ನೇ ಆರಿಸಿಕೊಳ್ಳುತ್ತದೆ. ಆದ್ದರಿಂದ ದಾಟಿಸುವಾಗಲೇ ದಾರಿಗೆ ಟ್ಯಾಗ್ ಎಂಬ ಗುರುತಿನ ಸಂಖ್ಯೆ ಹಚ್ಚಿ, ಆ ಗುರುತಿರುವ ದಾರಿ ಮರಳಿ ಸೇರದಂತೆ ಎರಡೂ ರೂಟರ್‌ಗಳಲ್ಲಿ, ಎರಡೂ ದಿಕ್ಕಿನಲ್ಲಿ ತಡೆ ಹಾಕಬೇಕು.

ಕೊನೆಗೆ, ಬಳಕೆ ಕಡಿಮೆಯಿರುವ ಹೊತ್ತಿನಲ್ಲಿ ಒಂದೊಂದೇ ಲಿಂಕನ್ನು ಬೇಕೆಂದೇ ಕಡಿದು, ಬಳಕೆಯಲ್ಲಿರುವ ವಿಳಾಸಕ್ಕೂ ಬಳಕೆಯಲ್ಲಿಲ್ಲದ ವಿಳಾಸಕ್ಕೂ ಟ್ರೇಸ್‌ರೂಟ್ ನಡೆಸಿ ನೋಡಬೇಕು. ಲಿಂಕ್‌ಗಳೆಲ್ಲ ಸುಸ್ಥಿತಿಯಲ್ಲಿರುವಾಗ ಮಾತ್ರ ಮಾಡಿದ ಪರೀಕ್ಷೆ, ಲಿಂಕ್ ಕಡಿದಾಗಷ್ಟೇ ಹುಟ್ಟುವ ಲೂಪನ್ನು ತೋರಿಸಲಾರದು.