ಕಾಟಿಯನ್ನು ಕಾಪಾಡಿದ ಲಸಿಕೆ

ಮಕ್ಕಳೇ, ಬಿಳಿ ಕಾಲುಚೀಲ ತೊಟ್ಟಂತೆ ಕಾಣುವ ಕಾಡುಪ್ರಾಣಿ ಯಾವುದು ಗೊತ್ತೇ? ಅದೇ ಕಾಟಿ. ಕಾಡೆಮ್ಮೆ ಎಂದು ಕರೆದರೂ ಇದು ಹಸುವಿನ ಹತ್ತಿರದ ಸಂಬಂಧಿ. ದನಗಳ ರೋಗ ಇದಕ್ಕೂ ಅಂಟುತ್ತದೆ.

1968ರಲ್ಲಿ ಬಂಡೀಪುರದಲ್ಲಿ ದೊಡ್ಡರೋಗ ಹರಡಿ ಬಹಳಷ್ಟು ಕಾಟಿಗಳು ಸತ್ತವು. ಇದು ವೈರಸ್‌ನಿಂದ ಬರುವ ರೋಗ. ಕಾಡಿನ ಕಾಟಿಗಳನ್ನೆಲ್ಲ ಹಿಡಿದು ಲಸಿಕೆ ಹಾಕಲು ಸಾಧ್ಯವೇ? ಆದರೆ ಊರಿನ ದನಗಳಿಗೆ ಹಾಕಬಹುದಲ್ಲವೇ? ಹಾಗೆಯೇ ಮಾಡಿದರು. ದನಗಳಲ್ಲಿ ರೋಗ ನಿಂತಿತು. ಕಾಡಿಗೆ ಹರಡುವುದೂ ತಪ್ಪಿತು. 1972ರ ಕಾಯಿದೆ ಬೇಟೆಯನ್ನು ತಡೆಯಿತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಕಾಟಿಗಳು ಮತ್ತೆ ಹೆಚ್ಚಿದವು. 2011ರಲ್ಲಿ ದೊಡ್ಡರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಕಾಲುಬಾಯಿ ಜ್ವರ ಇನ್ನೂ ಉಳಿದಿದೆ. ಅದೂ ಕಾಟಿಗೆ ತಗಲುತ್ತದೆ. ಮದ್ದೂರು, ಮಳವಳ್ಳಿಯ ಮಕ್ಕಳೇ, ನಿಮ್ಮ ಕೊಟ್ಟಿಗೆಯ ಹಸುವಿಗೆ ಲಸಿಕೆ ಹಾಕಿಸಿದ್ದಾರೆಯೇ? ಮನೆಯಲ್ಲಿ ಕೇಳಿ ತಿಳಿಯಿರಿ.